ಸೆಕೆಂಡ್ ಹ್ಯಾಂಡ್ ಆಂಪೆಗ್ ಎಸ್‌ವಿಟಿ-810ಇ: ಒಂದು ಬೇಸ್ ಕ್ಯಾಬಿನೆಟ್ಟಿನ ವಿಮರ್ಶೆ

ಬೇಸ್ ಗಿಟಾರ್ ನುಡಿಸುವವರಿಗೆ ಬೇಕಾಗುವ ಸಾಮಗ್ರಿಗಳಲ್ಲಿ ಧೈರ್ಯವಾಗಿ ಸೆಕೆಂಡ್ ಹ್ಯಾಂಡ್ ಕೊಳ್ಳಬಹುದಾದದ್ದು ಸ್ಪೀಕರ್ ಕ್ಯಾಬಿನೆಟ್ ಎಂಬುದು ನನ್ನ ಖಚಿತ ಅಭಿಪ್ರಾಯ. ಗಿಟಾರಿನ ನೆಕ್ ತಿರುಚಿಕೊಂಡಿದೆಯೇ, ಅದನ್ನು ನೆಟ್ಟಗಿಡುವ ಒಳಗಿನ ಕಂಬಿಯಾದ ಟ್ರಸ್ ರಾಡ್ ಇನ್ನೂ ತಿರುಗುತ್ತದೆಯೇ ಎಂಬುದು ಫೋಟೋಗಳಿಂದ ತಿಳಿಯುವುದಿಲ್ಲ. ಕೈಗೆತ್ತಿಕೊಂಡು ನೋಡಿದರೂ, ಮಂಗಳೂರಿನ ತೇವದಲ್ಲಿ ನೆಟ್ಟಗಿದ್ದ ನೆಕ್ ಬೆಂಗಳೂರಿನ ಒಣ ಫೆಬ್ರವರಿಯಲ್ಲಿ ಹೇಗಿರುತ್ತದೆ ಎಂದು ಯಾರೂ ಮಾತು ಕೊಡಲಾರರು. ಆಂಪ್ಲಿಫೈಯರಿನೊಳಗಿನ ಕೆಪಾಸಿಟರುಗಳ ಆಯುಷ್ಯವನ್ನು ಹೊರಗಿನಿಂದ ಅಳೆಯಲು ಬರುವುದಿಲ್ಲ. ಕ್ಯಾಬಿನೆಟ್ಟಿನಲ್ಲಿ ಇರುವುದು ಪ್ಲೈವುಡ್ಡಿನ ಪೆಟ್ಟಿಗೆ, ಸ್ಪೀಕರುಗಳು, ಒಂದಿಷ್ಟು ತಂತಿ, ಕೇಬಲ್ ಚುಚ್ಚುವ ಹಿಂಬದಿಯ ಜ್ಯಾಕ್ ಪ್ಲೇಟು, ಅಷ್ಟೇ. ಇವಿಷ್ಟನ್ನೂ ಮಾರುವವರ ಮನೆಯಲ್ಲೇ ಅರ್ಧ ಗಂಟೆಯೊಳಗೆ ಪರೀಕ್ಷಿಸಬಹುದು. ಏನಾದರೂ ಕೆಟ್ಟಿದ್ದರೆ ಅದನ್ನು ಸರಿಪಡಿಸಲು ಎಷ್ಟು ಖರ್ಚಾಗುತ್ತದೆ ಎಂದು ಅಲ್ಲೇ ನಿಂತು ಲೆಕ್ಕ ಹಾಕಬಹುದು.

ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿರುವುದು ಆನ್‌ಲೈನ್ ಜಾಹೀರಾತು ನೋಡಿ ಬೆಂಗಳೂರಿನಲ್ಲೇ ಕೊಂಡ ಆಂಪೆಗ್ ಎಸ್‌ವಿಟಿ-810ಇ. ಹತ್ತು ಇಂಚಿನ ಎಂಟು ಸ್ಪೀಕರುಗಳನ್ನು ಎರಡೆರಡರಂತೆ ನಾಲ್ಕು ಸಾಲುಗಳಲ್ಲಿ ಜೋಡಿಸಿರುವ ಈ ಪೆಟ್ಟಿಗೆ 48 ಇಂಚು ಎತ್ತರ, 26 ಇಂಚು ಅಗಲ, 16 ಇಂಚು ಆಳವಿದ್ದು ಸುಮಾರು 63 ಕಿಲೋ ತೂಗುತ್ತದೆ. ವಾದಕರ ಬಾಯಲ್ಲಿ ಇದರ ಹೆಸರು ಫ್ರಿಜ್. ಆಂಪ್ಲಿಫೈಯರಿಗೆ ಇದು ಒಡ್ಡುವ ವಿದ್ಯುತ್ ತಡೆ, ಅಂದರೆ ಒಟ್ಟು ಇಂಪೆಡೆನ್ಸ್, 4 ಓಮ್; ಕಂಪನಿ ಹೇಳುವ ತಾಳಿಕೆ 800 ವಾಟ್. ತೀರಾ ಮೇಲಿನ ಸ್ವರಗಳಿಗೆಂದೇ ಇರುವ ಚಿಕ್ಕ ಸ್ಪೀಕರು, ಅಂದರೆ ಟ್ವೀಟರ್, ಇಲ್ಲ, ಗಾಳಿ ಹೊರಹೋಗುವ ಪೋರ್ಟ್ ಇಲ್ಲ. ಒಳಗೆ ಅಡ್ಡ ಹಲಗೆಗಳಿಂದ ಬೇರ್ಪಡಿಸಿದ ನಾಲ್ಕು ಮುಚ್ಚಿದ ಕೋಣೆಗಳಿದ್ದು, ಒಂದೊಂದರಲ್ಲೂ ಎರಡೆರಡು ಸ್ಪೀಕರುಗಳಿವೆ.

ಈ ವಿನ್ಯಾಸ ಏಕೆ ಹೀಗಿದೆ ಎಂದು ತಿಳಿದಿದ್ದರೆ ಅದರಿಂದ ಏನನ್ನು ನಿರೀಕ್ಷಿಸಬೇಕು ಎಂಬುದೂ ತಿಳಿಯುತ್ತದೆ. ಆಂಪೆಗ್ ಕಂಪನಿಯನ್ನು 1940ರ ದಶಕದಲ್ಲಿ ಕಟ್ಟಿದವರು ಎವರೆಟ್ ಹಲ್ ಎಂಬ ಡಬಲ್ ಬೇಸ್ ವಾದಕ. ಡಬಲ್ ಬೇಸ್ ನೆಲದ ಮೇಲೆ ಊರಿ ನಿಲ್ಲುವ ಕಡ್ಡಿಯೊಂದಿಗೆ ಪಿಕಪ್ ಕೂರಿಸುವುದು ಅವರ ಮೊದಲ ಯೋಚನೆಯಾಗಿತ್ತು. 1969ರ ಹೊತ್ತಿಗೆ ರಾಕ್ ಸಂಗೀತದ ವೇದಿಕೆಗಳು ಕ್ರೀಡಾಂಗಣದ ಗಾತ್ರಕ್ಕೆ ಬೆಳೆದಿದ್ದವು, ಇಂದಿನಂಥ ಪಿಎ (ಸಭಿಕರಿಗೆ ಕೇಳಿಸುವ ಧ್ವನಿವರ್ಧಕ) ವ್ಯವಸ್ಥೆ ಆಗ ಇರಲಿಲ್ಲ, ಹಾಗಾಗಿ ಬೇಸ್ ಜನರ ಕಿವಿ ಮುಟ್ಟಬೇಕಾದರೆ ವೇದಿಕೆಯ ಮೇಲಿನ ಆಂಪ್ಲಿಫೈಯರೇ ಅದನ್ನು ಹೊರಬೇಕಿತ್ತು. ಆ ವರ್ಷ ಬಂದ ಎಸ್‌ವಿಟಿ ಆಂಪ್ಲಿಫೈಯರು ಹದಿನಾಲ್ಕು ವಾಲ್ವುಗಳಿಂದ 300 ವಾಟ್ ಕೊಡುತ್ತಿತ್ತು, ಮತ್ತು ಅದರ ಆರಂಭದ ಪ್ರತಿಗಳು ರೋಲಿಂಗ್ ಸ್ಟೋನ್ಸ್ ತಂಡದ 1969ರ ಅಮೆರಿಕ ಪ್ರವಾಸದಲ್ಲೇ ಬಳಕೆಯಾದವು. (ಅದೇ ತಂಡ 2003ರ ಏಪ್ರಿಲ್‌ನಲ್ಲಿ ನಮ್ಮ ಅರಮನೆ ಮೈದಾನದಲ್ಲಿ ಮಳೆಯ ನಡುವೆ ನುಡಿಸಿದ್ದನ್ನು ನೆನೆಯುವವರು ಬೆಂಗಳೂರಿನಲ್ಲಿ ಇಂದಿಗೂ ಬಹಳ ಜನರಿದ್ದಾರೆ.) ಅಷ್ಟು ಶಕ್ತಿಯನ್ನು ಅಂದಿನ ಒಂದೆರಡು ದೊಡ್ಡ ಸ್ಪೀಕರುಗಳು ತಾಳಿಕೊಳ್ಳುವಂತಿರಲಿಲ್ಲ. ಎಂಟು ಚಿಕ್ಕ ಸ್ಪೀಕರುಗಳಿಗೆ ಹಂಚಿದರೆ ಕೋನನ್ನು (ಸ್ಪೀಕರಿನ ಮುಂಭಾಗದ ಶಂಕುವನ್ನು) ಅಲುಗಿಸುವ ತಂತಿಸುರುಳಿಯಾದ ವಾಯ್ಸ್ ಕಾಯಿಲಿನ ಶಾಖವೂ ಹಂಚಿಹೋಗುತ್ತದೆ, ಒಂದೊಂದು ಕೋನು ಮುಂದೆ ಹಿಂದೆ ಚಲಿಸಬೇಕಾದ ದೂರವೂ ಕಡಿಮೆಯಾಗುತ್ತದೆ. ಹತ್ತು ಇಂಚಿನ ಎಂಟು ಕೋನುಗಳ ಒಟ್ಟು ವಿಸ್ತೀರ್ಣ ಹದಿನೈದು ಇಂಚಿನ ಮೂರಕ್ಕೂ ಹೆಚ್ಚು ಕೋನುಗಳಿಗೆ ಸಮ. ಪೆಟ್ಟಿಗೆಯನ್ನು ಗಾಳಿಯಾಡದಂತೆ ಮುಚ್ಚಿದ್ದರಿಂದ ಒಳಗಿನ ಗಾಳಿಯೇ ಕೋನನ್ನು ಅತಿಯಾಗಿ ಚಲಿಸದಂತೆ ತಡೆಯುತ್ತದೆ. ಇಂದಿಗೂ ಈ ಪೆಟ್ಟಿಗೆಯ ಗುಣ ಮತ್ತು ಮಿತಿ ಎರಡಕ್ಕೂ ಕಾರಣ ಅಂದಿನ ಈ ತೀರ್ಮಾನಗಳೇ.

ಜಾಹೀರಾತಿನ ವಿಷಯಕ್ಕೆ ಬರುತ್ತೇನೆ. ಭಾರತದಲ್ಲಿ ಈ ಗಾತ್ರದ ಕ್ಯಾಬಿನೆಟ್ ಹೊಸದಾಗಿ ಕೊಳ್ಳುವುದು ಬಹಳ ದುಬಾರಿ, ಏಕೆಂದರೆ ಕಸ್ಟಮ್ಸ್ ಸುಂಕದ ಜೊತೆಗೆ ಹಡಗಿನಲ್ಲಿ ಅದು ಆಕ್ರಮಿಸುವ ಜಾಗಕ್ಕೂ ಹಣ ತೆರಬೇಕಾಗುತ್ತದೆ; ಹಾಗಾಗಿ ಹಳೆಯವು ಮಾರಾಟಕ್ಕೆ ಬರುವುದೂ ಅಪರೂಪ, ಬಂದಾಗ ಹೆಚ್ಚಾಗಿ ರಿಹರ್ಸಲ್ ಸ್ಟುಡಿಯೋ ಮುಚ್ಚುವವರಿಂದಲೋ ಊರು ಬಿಡುವ ವಾದಕರಿಂದಲೋ ಬರುತ್ತವೆ. ನಾನು ಮೊದಲು ನೋಡುವುದು ಗ್ರಿಲ್ ತೆಗೆದು ಹಿಡಿದ ಫೋಟೋ ಇದೆಯೇ ಎಂದು. ಗ್ರಿಲ್ ಬಟ್ಟೆಯ ಹಿಂದೆ ಏನು ಬೇಕಾದರೂ ಅಡಗಿರಬಹುದು. ಗೋಡೌನಿನಲ್ಲಿ ಇಲಿ ಕಡಿದ ಕೋನನ್ನು, ಬೇರೆ ಬ್ರ್ಯಾಂಡಿನ ಸ್ಪೀಕರ್ ಹಾಕಿ ಮುಚ್ಚಿದ್ದನ್ನು ನಾನು ಕಂಡಿದ್ದೇನೆ. ಎರಡನೆಯದು ಹಿಂಬದಿಯ ಜ್ಯಾಕ್ ಪ್ಲೇಟಿನ ಸ್ಪಷ್ಟ ಫೋಟೋ, ಏಕೆಂದರೆ ಮಾಡೆಲ್ ಹೆಸರು, ಓಮ್, ವಾಟ್, ತಯಾರಾದ ದೇಶ ಎಲ್ಲವೂ ಅಲ್ಲೇ ಅಚ್ಚಾಗಿರುತ್ತವೆ, ಅಮೆರಿಕದಲ್ಲಿ ತಯಾರಾದದ್ದು ಎಂದು ಬೆಲೆ ಏರಿಸಿ ಹೇಳುವವರ ಮಾತು ಅಲ್ಲಿ ನಿಜವಾಗಬೇಕು. ಕೇಳಿದರೂ ಈ ಎರಡು ಫೋಟೋ ಕಳಿಸದವರ ಜೊತೆ ಮಾತು ಮುಂದುವರಿಸುವುದರಲ್ಲಿ ಅರ್ಥವಿಲ್ಲ. ತಾವು ಸೈನ್ಯದಲ್ಲಿದ್ದು ವರ್ಗವಾಗಿದೆ ಎಂದು ಹೇಳಿ ಮುಂಗಡ ಕೇಳುವ ಮೋಸ ಬಹಳ ಹಳೆಯದು, ಈಗಲೂ ನಡೆಯುತ್ತಿದೆ; ವಸ್ತುವನ್ನು ಕಣ್ಣಾರೆ ನೋಡದೆ ಹಣ ಹಾಕಬಾರದು, ಅಪ್ಪಿತಪ್ಪಿ ಹಾಕಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ನನಗೆ ಮಾರಿದವರು ಸ್ವತಃ ವಾದಕರು, ಫೋನಿನಲ್ಲೇ "ಬಂದು ಪರೀಕ್ಷಿಸಿ ನೋಡಿ" ಎಂದವರು. ನಾನು ಒಯ್ದದ್ದು ಒಂದು ಮಲ್ಟಿಮೀಟರ್, 9 ವೋಲ್ಟಿನ ಬ್ಯಾಟರಿ, ಸ್ಪೀಕರ್ ಕೇಬಲ್, ಚಿಕ್ಕದೊಂದು ಕ್ಲಾಸ್-ಡಿ (ಹಗುರವಾದ ಹೊಸ ಬಗೆಯ) ಆಂಪ್ಲಿಫೈಯರು, ಸೈನ್ ತರಂಗ (ಒಂದೇ ಕಂಪನದ ಶುದ್ಧ ಸದ್ದು) ಹೊರಡಿಸುವ ಆ್ಯಪ್ ಇರುವ ಮೊಬೈಲು, ಮತ್ತು ನನ್ನ ಬೇಸ್.

ಮೊದಲು ಮಲ್ಟಿಮೀಟರ್. ಈ ಕ್ಯಾಬಿನೆಟ್ಟಿನ ಎಂಟು ಸ್ಪೀಕರುಗಳಲ್ಲಿ ಒಂದೊಂದೂ 32 ಓಮ್‌ನದು. ಎಂಟನ್ನೂ ಸಮಾಂತರವಾಗಿ ಜೋಡಿಸಿರುವುದರಿಂದ ಒಟ್ಟು 4 ಓಮ್ ಆಗುತ್ತದೆ. ಮೀಟರಿನಲ್ಲಿ ಕಾಣುವ ಡಿಸಿ ರೋಧ ಇದಕ್ಕಿಂತ ಸ್ವಲ್ಪ ಕಡಿಮೆ, ಮೂರು ಓಮಿನ ಆಸುಪಾಸು ಇರುತ್ತದೆ. ಆದರೆ ಎಂಟರಲ್ಲಿ ಒಂದು ಸ್ಪೀಕರ್ ಸತ್ತಿದ್ದರೂ ಈ ಅಂಕಿ ಏರುವುದು ಅರ್ಧ ಓಮಿಗಿಂತ ಕಡಿಮೆ, ಸಾಮಾನ್ಯ ಮೀಟರಿನಲ್ಲಿ ಅದು ಪ್ರೋಬಿನ ಸಂಪರ್ಕದ ವ್ಯತ್ಯಾಸದಂತೆಯೇ ಕಾಣುತ್ತದೆ. ಆದ್ದರಿಂದ ಹಿಂಬದಿಯ ಸ್ವಿಚ್ಚನ್ನು ಸ್ಟೀರಿಯೋ ಕಡೆಗೆ ಹಾಕಿ, ಮೇಲಿನ ನಾಲ್ಕು ಮತ್ತು ಕೆಳಗಿನ ನಾಲ್ಕು ಸ್ಪೀಕರುಗಳನ್ನು ಬೇರೆ ಬೇರೆಯಾಗಿ ಅಳೆಯಬೇಕು. ಆಗ ಒಂದೊಂದು ಅರ್ಧವೂ 8 ಓಮ್‌ನ ಕ್ಯಾಬಿನೆಟ್ ಇದ್ದಂತೆ. ಮೀಟರ್ ಆರೂವರೆ ಓಮಿನ ಹತ್ತಿರ ತೋರಿಸಬೇಕು. ಒಂದು ಸ್ಪೀಕರ್ ಸತ್ತಿದ್ದರೆ ಅದು ಎಂಟೂವರೆಗೆ ಜಿಗಿಯುತ್ತದೆ, ಸಂಶಯಕ್ಕೆ ಎಡೆ ಇರುವುದಿಲ್ಲ. ನಾನು ಅಳೆದಾಗ ಎರಡೂ ಅರ್ಧಗಳು ಸರಿಯಾಗಿದ್ದವು.

ನಂತರ ಬ್ಯಾಟರಿ. ಕೇಬಲ್ಲಿನ ಇನ್ನೊಂದು ತುದಿಗೆ ಬ್ಯಾಟರಿಯನ್ನು ಕ್ಷಣಮಾತ್ರ ಮುಟ್ಟಿಸಿದರೆ ಎಂಟೂ ಕೋನುಗಳು ಒಂದೇ ದಿಕ್ಕಿಗೆ ಹಾರಬೇಕು. ಯಾವುದಾದರೂ ಒಂದು ಉಳಿದವಕ್ಕೆ ಎದುರು ದಿಕ್ಕಿಗೆ ಹೋದರೆ ಯಾರೋ ರಿಪೇರಿ ಮಾಡುವಾಗ ತಂತಿಗಳನ್ನು ಅದಲು ಬದಲು ಮಾಡಿದ್ದಾರೆ ಎಂದರ್ಥ, ಆ ಒಂದು ಸ್ಪೀಕರ್ ಪಕ್ಕದ ಇನ್ನೊಂದರ ಬೇಸನ್ನು ತಿಂದುಹಾಕುತ್ತಿರುತ್ತದೆ. ಇದು ತಂತಿ ತಿರುಗಿಸಿದರೆ ಮುಗಿಯುವ ಕೆಲಸ. ಮಾರುವವರಿಗೆ ಇದು ತಿಳಿಯದೆ "ಬೇಸ್ ಸ್ವಲ್ಪ ಕಡಿಮೆ" ಎಂದು ಬೆಲೆ ಇಳಿಸಿದ್ದರೆ ಕೊಳ್ಳುವವರಿಗೆ ಲಾಭವೇ.

ಮೂರನೆಯ ಪರೀಕ್ಷೆ ಕೈಯಿಂದಲೇ ಮಾಡುವಂಥದ್ದು, ನನ್ನ ಮಟ್ಟಿಗೆ ಬಹಳ ಮುಖ್ಯವಾದದ್ದು. ಎರಡೂ ಕೈಗಳ ಬೆರಳ ತುದಿಗಳನ್ನು ಕೋನಿನ ನಡುವಿನ ಗುಮ್ಮಟದ ಸುತ್ತ ಸಮನಾಗಿ ಇಟ್ಟು ಮೆಲ್ಲಗೆ ಒಳಕ್ಕೆ ಒತ್ತಬೇಕು. ಕರಕರ ಸದ್ದು ಬಂದರೆ ವಾಯ್ಸ್ ಕಾಯಿಲ್ ಅಯಸ್ಕಾಂತಕ್ಕೆ ಉಜ್ಜುತ್ತಿದೆ. ಸದ್ದಿಲ್ಲದೆ ಸರಾಗವಾಗಿ ಹೋದರೆ ಪಕ್ಕದ ಸ್ಪೀಕರನ್ನು ನೋಡಬೇಕು: ಒಂದೇ ಮುಚ್ಚಿದ ಕೋಣೆಯಲ್ಲಿರುವ ಜೋಡಿಯಾದ್ದರಿಂದ, ಒಂದನ್ನು ಒಳಕ್ಕೆ ಒತ್ತಿದಾಗ ಇನ್ನೊಂದು ಹೊರಕ್ಕೆ ಉಬ್ಬಬೇಕು. ನನ್ನ ಕ್ಯಾಬಿನೆಟ್ಟಿನಲ್ಲಿ ಮೂರು ಸಾಲುಗಳು ಹೀಗೆಯೇ ನಡೆದುಕೊಂಡವು. ಮೇಲಿನಿಂದ ಮೂರನೆಯ ಸಾಲಿನಲ್ಲಿ ಮಾತ್ರ ಪಕ್ಕದ ಕೋನು ಅಲುಗಾಡಲಿಲ್ಲ. ಎಲ್ಲೋ ಗಾಳಿ ಸೋರುತ್ತಿತ್ತು. ನೋಡಿದರೆ ವರ್ಷಗಳ ಕಂಪನಕ್ಕೆ ಆ ಸ್ಪೀಕರಿನ ಸ್ಕ್ರೂಗಳು ಸಡಿಲವಾಗಿ, ಚೌಕಟ್ಟಿಗೂ ಮರಕ್ಕೂ ನಡುವಿನ ಗ್ಯಾಸ್ಕೆಟ್ ಒಣಗಿ ಕುಗ್ಗಿತ್ತು. ಮಾರುವವರಿಗೆ ಇದನ್ನು ತೋರಿಸಿದಾಗ ಅವರು ಒಪ್ಪಿ ಬೆಲೆಯಲ್ಲಿ ಸ್ವಲ್ಪ ಇಳಿಸಿದರು. ಎಸ್‌ಪಿ ರಸ್ತೆಯಿಂದ ತಂದ ಫೋಮ್ ಟೇಪನ್ನು ಸುತ್ತಲೂ ಅಂಟಿಸಿ ಸ್ಕ್ರೂಗಳನ್ನು ಎದುರು ಬದುರಾಗಿ ಬಿಗಿದ ಮೇಲೆ ಪಕ್ಕದ ಕೋನು ಬೆರಳಿನ ಒತ್ತಡಕ್ಕೆ ಸರಿಯಾಗಿ ಎದ್ದು ಬಂತು.

ಕೊನೆಯದು ಸೈನ್ ತರಂಗ. 40 ಹರ್ಟ್ಜ್‌ನಿಂದ ಶುರುಮಾಡಿ 500ರವರೆಗೆ ನಿಧಾನವಾಗಿ ಏರಿಸುತ್ತ ಹೋದರೆ ಸಡಿಲವಾದ ಹ್ಯಾಂಡಲ್, ಬಿರುಕುಬಿಟ್ಟ ಪ್ಲೈವುಡ್, ಹರಿದ ಕೋನು ಎಲ್ಲವೂ ತಮ್ಮ ತಮ್ಮ ಕಂಪನಾಂಕ ಬಂದಾಗ ಸದ್ದು ಮಾಡಿ ತೋರಿಸಿಕೊಡುತ್ತವೆ. ಗಿಟಾರ್ ನುಡಿಸಿ ನೋಡುವಾಗ ಇಂಥ ಸದ್ದುಗಳು ಸಂಗೀತದೊಳಗೆ ಮರೆಯಾಗುತ್ತವೆ. ಈ ಎಲ್ಲ ಪರೀಕ್ಷೆಗಳನ್ನು ಬೇರೆ ಊರಿನಲ್ಲಿರುವವರಿಂದ ವಿಡಿಯೋ ಕರೆಯಲ್ಲಿಯೂ ಮಾಡಿಸಬಹುದು. ಹಾಗೆ ಮುಂಬೈಯಿಂದಲೋ ಚೆನ್ನೈನಿಂದಲೋ ತರಿಸುವುದಾದರೆ ಕೊರಿಯರಿಗಿಂತ ಲಾರಿ ಟ್ರಾನ್ಸ್‌ಪೋರ್ಟೇ ಸರಿ; ಗ್ರಿಲ್ ಮುಂದೆ ಒಂದು ಪ್ಲೈವುಡ್ ಹಲಗೆ ಕಟ್ಟಿಸಿ, ಕಲಾಸಿಪಾಳ್ಯದ ಕಚೇರಿಯಲ್ಲಿ ಬಿಡಿಸಿಕೊಳ್ಳುವಾಗ ಸಹಿ ಹಾಕುವ ಮೊದಲೇ ಬಿಚ್ಚಿ ನೋಡಬೇಕು. ಕರಾವಳಿಯಿಂದ ಬರುವ ಪೆಟ್ಟಿಗೆಯಾದರೆ ಸ್ಕ್ರೂಗಳ ತುಕ್ಕನ್ನೂ ತಳದ ಪ್ಲೈವುಡ್ ಉಬ್ಬಿರುವುದನ್ನೂ ವಿಶೇಷವಾಗಿ ಗಮನಿಸಬೇಕು.

ಈಗ ನಾದದ ಮಾತು. ಬೇಸ್ ಗಿಟಾರಿನ ಅತಿ ಮಂದ್ರವಾದ ಇ ತಂತಿಯ ಮೂಲ ಕಂಪನ 41.2 ಹರ್ಟ್ಜ್. ಕಂಪನಿಯ ಅಂಕಿಗಳ ಪ್ರಕಾರ ಈ ಕ್ಯಾಬಿನೆಟ್ಟಿನ ಪ್ರತಿಸ್ಪಂದನ, ಅಂದರೆ ಆಯಾ ಕಂಪನಕ್ಕೆ ಅದು ಕೊಡುವ ಸದ್ದಿನ ಮಟ್ಟ, 58 ಹರ್ಟ್ಜ್‌ನಲ್ಲಿಯೇ 3 ಡೆಸಿಬಲ್ ಇಳಿದಿರುತ್ತದೆ, 40 ಹರ್ಟ್ಜ್‌ಗೆ ಬರುವಾಗ 10 ಡೆಸಿಬಲ್ ಇಳಿದಿರುತ್ತದೆ. ಅಂದರೆ ಲೋಕದಲ್ಲಿ ಬೇಸ್ ಕ್ಯಾಬಿನೆಟ್ಟುಗಳಿಗೆಲ್ಲ ಹಿರಿಯನೆಂದು ಹೆಸರಾದ ಈ ಪೆಟ್ಟಿಗೆ ಅತ್ಯಂತ ಕೆಳಗಿನ ಸ್ವರದ ಮೂಲ ಕಂಪನವನ್ನು ಪೂರ್ತಿಯಾಗಿ ಹೊರಡಿಸುವುದೇ ಇಲ್ಲ. ಹೊರಡಿಸುವುದು 82 ಮತ್ತು 123 ಹರ್ಟ್ಜ್‌ನ ಆಸುಪಾಸಿನ ಅದರ ಉಪಸ್ವರಗಳನ್ನು, ಅದೂ ಬಹಳ ಬಲವಾಗಿ. ಅವುಗಳನ್ನು ಕೇಳಿದ ಕಿವಿ ಮೂಲ ಸ್ವರವನ್ನು ತಾನೇ ಕಟ್ಟಿಕೊಳ್ಳುತ್ತದೆ. ಈ ಒಂದು ಸಂಗತಿಯೇ ನನ್ನ ದೃಷ್ಟಿಯಲ್ಲಿ ಇದರ ದೊಡ್ಡ ಗುಣ. ಸ್ಪೀಕರ್ ಒಂದು ಸ್ಥಾಯಿ ಕೆಳಗೆ ಅಷ್ಟೇ ಜೋರಾಗಿ ನುಡಿಯಬೇಕಾದರೆ ಕೋನು ನಾಲ್ಕು ಪಟ್ಟು ದೂರ ಚಲಿಸಬೇಕು. ಆ ಭಾರವನ್ನು ಹೊರದ ಪೆಟ್ಟಿಗೆ ಸ್ವರದ ಆರಂಭದ ಹೊಡೆತವನ್ನು ಚುರುಕಾಗಿ, ಒಂದಕ್ಕೊಂದು ಅಂಟಿಕೊಳ್ಳದಂತೆ ಬಿಡಿಸಿ ಕೊಡುತ್ತದೆ.

ನಮ್ಮ ತಂಡದಲ್ಲಿ ಡ್ರಮ್ಸ್ ಜೊತೆಗೆ ಡೊಳ್ಳೂ ಇದೆ. ಡೊಳ್ಳು ಬಾರಿಸುವಾಗ ವೇದಿಕೆಯ ತಳಭಾಗವೆಲ್ಲ ಅದರ ಗುಡುಗಿನಿಂದಲೇ ತುಂಬಿಹೋಗುತ್ತದೆ, ಪೋರ್ಟ್ ಇರುವ ಕ್ಯಾಬಿನೆಟ್ಟಿನಲ್ಲಿ ನುಡಿಸಿದ ಬೇಸ್ ಆ ಗುಡುಗಿನೊಳಗೆ ಕರಗಿ ಯಾವ ಸ್ವರ ನುಡಿಸುತ್ತಿದ್ದೇನೆ ಎಂಬುದು ಪಕ್ಕದಲ್ಲಿರುವ ಗಾಯಕರಿಗೇ ತಿಳಿಯುತ್ತಿರಲಿಲ್ಲ. 810ಇ ಬಂದ ಮೇಲೆ ಡೊಳ್ಳಿನ ಪೆಟ್ಟು ಒಂದು ಕಡೆ, ಬೇಸಿನ ಸ್ವರ ಅದರ ಮೇಲೆ ಇನ್ನೊಂದು ಕಡೆ ಎಂಬಂತೆ ಎರಡೂ ಬೇರೆ ಬೇರೆಯಾಗಿ ಕೇಳಿಸುತ್ತವೆ. ಇದಕ್ಕೆ ಎತ್ತರವೂ ಕಾರಣ. ನಾಲ್ಕು ಅಡಿಯ ಪೆಟ್ಟಿಗೆಯ ಮೇಲಿನ ಸಾಲು ನಿಂತವರ ಎದೆಮಟ್ಟಕ್ಕೆ ಬರುತ್ತದೆ, ಹಾಗಾಗಿ ನುಡಿಸುವವರಿಗೆ ತಮ್ಮ ನಾದ ಮೊಣಕಾಲಿಗಲ್ಲದೆ ಕಿವಿಗೆ ತಲುಪುತ್ತದೆ. ವಾಲ್ಯೂಮ್ ಏರಿಸಬೇಕೆಂಬ ಆಸೆಯೇ ಕಡಿಮೆಯಾಗುತ್ತದೆ. ಬೆರಳಿನಿಂದ ನುಡಿಸುವವರಿಗೂ ಪಿಕ್ ಹಿಡಿಯುವವರಿಗೂ ಇದಕ್ಕಿಂತ ಒಪ್ಪುವ ಪೆಟ್ಟಿಗೆಯನ್ನು ನಾನು ಕೇಳಿಲ್ಲ. ಫ್ಲಾಟ್‌ವೌಂಡ್ (ನುಣುಪು ಮೈಯ) ತಂತಿ ಹಾಕಿದ ಪ್ರಿಸಿಷನ್ ಬೇಸನ್ನು ಇದಕ್ಕೆ ಜೋಡಿಸಿ, ಟೋನ್ ಕಂಟ್ರೋಲನ್ನು ಅರ್ಧಕ್ಕೆ ಇಳಿಸಿ ಎ ತಂತಿಯ ಮೇಲೆ ಮೆಲ್ಲಗೆ ನಡೆದರೆ ಸಿಗುವ ದುಂಡಗಿನ, ತುಸು ಗೊಗ್ಗರವಾದ ಸ್ವರಕ್ಕಾಗಿಯೇ ಜನ ಈ ಭಾರವನ್ನು ಹೊರುತ್ತಾರೆ.

ಹೆಬ್ಬೆರಳಿನಿಂದ ತಂತಿಗೆ ಬಡಿದು ಸ್ಲ್ಯಾಪ್ ನುಡಿಸುವವರಿಗೆ ಮಾತ್ರ ಇದನ್ನು ಶಿಫಾರಸು ಮಾಡಲಾರೆ. ಮೇಲ್ಭಾಗದಲ್ಲಿ ಇದರ ವ್ಯಾಪ್ತಿ 5 ಕಿಲೋಹರ್ಟ್ಜ್‌ಗೆ ಮುಗಿಯುತ್ತದೆ. ಹೊಸ ತಂತಿಗಳ ಮಿಂಚು, ಹೆಬ್ಬೆರಳಿನ ಲೋಹದಂಥ ಚಟ್ ಎನ್ನುವ ಸದ್ದು ಬೇಕೆಂದರೆ ಟ್ವೀಟರ್ ಇರುವ ಕ್ಯಾಬಿನೆಟ್ಟೇ ಆಗಬೇಕು. ಐದು ತಂತಿಯ ಬೇಸಿನ ಬಿ ಸ್ವರ 31 ಹರ್ಟ್ಜ್‌ಗೆ ಇಳಿಯುತ್ತದೆ, ಆ ಆಳವನ್ನು ಮೈಯಿಂದ ಅನುಭವಿಸಬೇಕೆನ್ನುವವರು ಅದೇ ಕಂಪನಿಯ ಎಸ್‌ವಿಟಿ-410ಎಚ್‌ಎಲ್‌ಎಫ್ ನೋಡಬಹುದು. ಪೋರ್ಟ್ ಇರುವ ಆ ಪೆಟ್ಟಿಗೆ ಕಂಪನಿಯ ಅಂಕಿಯಂತೆ 28 ಹರ್ಟ್ಜ್‌ವರೆಗೆ ಬಳಕೆಗೆ ಬರುತ್ತದೆ. ಆದರೆ ಪೋರ್ಟಿನ ಕ್ಯಾಬಿನೆಟ್ಟು ತನ್ನ ಮಿತಿಗಿಂತ ಕೆಳಗೆ ಒಂದು ಸ್ಥಾಯಿಗೆ 24 ಡೆಸಿಬಲ್ ಕುಸಿಯುತ್ತದೆ, ಮುಚ್ಚಿದ್ದು 12 ಡೆಸಿಬಲ್ ಮಾತ್ರ; ಪೋರ್ಟಿನ ಮಿತಿಯ ಕೆಳಗೆ ಕೋನಿಗೆ ಗಾಳಿಯ ತಡೆಯೂ ಇರುವುದಿಲ್ಲ, ಹೆಚ್ಚು ಶಕ್ತಿ ಕೊಟ್ಟರೆ ಅಲ್ಲೇ ಸ್ಪೀಕರುಗಳು ಹಾಳಾಗುವುದು.

ಆಂಪ್ಲಿಫೈಯರಿನ ಆಯ್ಕೆ ಕಷ್ಟದ್ದಲ್ಲ. 800 ವಾಟಿನ ಪೆಟ್ಟಿಗೆಗೆ 800 ವಾಟಿನ ಆಂಪ್ಲಿಫೈಯರೇ ಬೇಕೆಂದು ಅಂಗಡಿಗಳಲ್ಲಿ ಹೇಳುವುದನ್ನು ಕೇಳಿದ್ದೇನೆ, ಅದು ಸರಿಯಲ್ಲ. ಒಂದು ವಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 100 ಡೆಸಿಬಲ್ ಸದ್ದು ಮಾಡುವಷ್ಟು ದಕ್ಷತೆ ಇದಕ್ಕಿದೆ. ವಾಟ್ ಎರಡು ಪಟ್ಟಾದಾಗಲೆಲ್ಲ 3 ಡೆಸಿಬಲ್ ಏರುತ್ತದೆ, ಆ ಲೆಕ್ಕದಲ್ಲಿ 256 ವಾಟಿಗೆ 124 ಡೆಸಿಬಲ್. ಯಾವ ರಿಹರ್ಸಲ್ ಕೋಣೆಗೂ ಅದು ಅತಿ. 4 ಓಮಿಗೆ ಮುನ್ನೂರು ವಾಟ್ ಕೊಡುವ ಎರಡು ಮೂರು ಕಿಲೋ ತೂಕದ ಕ್ಲಾಸ್-ಡಿ ಹೆಡ್ಡು (ಸ್ಪೀಕರ್ ಇಲ್ಲದ ಬಿಡಿ ಆಂಪ್ಲಿಫೈಯರು) ಧಾರಾಳವಾಗಿ ಸಾಕು. ಆದರೆ ಅಂಥ ಬಹುಪಾಲು ಹೆಡ್ಡುಗಳ ಕನಿಷ್ಠ ಮಿತಿಯೇ 4 ಓಮ್ ಆಗಿರುವುದರಿಂದ ಇದರ ಜೊತೆಗೆ ಇನ್ನೊಂದು ಕ್ಯಾಬಿನೆಟ್ ಸೇರಿಸಬಾರದು. ಗಿಟಾರಿನ ತೆಳು ಕೇಬಲನ್ನು ಇದಕ್ಕೆ ಬಳಸಬಾರದು; ದಪ್ಪ ತಂತಿಯ ಸ್ಪೀಕರ್ ಕೇಬಲ್, ಸಾಧ್ಯವಾದರೆ ಸ್ಪೀಕಾನ್ ಕನೆಕ್ಟರಿನದು, ಬೇಕೇ ಬೇಕು. ಗಣೇಶೋತ್ಸವ, ರಾಜ್ಯೋತ್ಸವದ ಬಯಲು ವೇದಿಕೆಗಳಲ್ಲಿ ಮಿಕ್ಸರಿಗೆಂದೇ ಇರುವ ಹೆಡ್ಡಿನ ಡಿಐ ಔಟನ್ನು ಅದಕ್ಕೆ ಕೊಟ್ಟು, ಜನರಿಗೆ ಪಿಎ, ತಂಡಕ್ಕೆ ಈ ಪೆಟ್ಟಿಗೆ ಎಂದು ಹಂಚಿಕೊಳ್ಳುವುದು ಉತ್ತಮ.

ತೂಕದ ಬಗ್ಗೆ ಮೆದುವಾಗಿ ಹೇಳಿ ಪ್ರಯೋಜನವಿಲ್ಲ. ಹಿಂಬದಿಯ ಉದ್ದ ಹಿಡಿ ಮತ್ತು ಚಕ್ರಗಳಿಂದಾಗಿ ಸಮ ನೆಲದ ಮೇಲೆ ಒಬ್ಬರೇ ವಾಲಿಸಿ ಎಳೆದೊಯ್ಯಬಹುದು, ಟಾಟಾ ಏಸ್‌ಗೆ ಇಬ್ಬರು ಏರಿಸಬಹುದು. ಲಿಫ್ಟ್ ಇಲ್ಲದ ಮೂರನೆಯ ಮಹಡಿಗೆ ಇದು ಹೋಗುವ ವಸ್ತುವಲ್ಲ, ಸಾಮಾನ್ಯ ಕಾರಿಗೆ ಹಿಡಿಸುವುದೂ ಇಲ್ಲ. ಅಪಾರ್ಟ್‌ಮೆಂಟಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಅಭ್ಯಾಸ ಮಾಡುವವರಿಗೆ, ವಾರಕ್ಕೊಂದು ಪಬ್ಬಿನಲ್ಲಿ ಆಟೋ ಹಿಡಿದು ಹೋಗಿ ನುಡಿಸುವವರಿಗೆ ನಿಯೋಡೈಮಿಯಮ್ ಅಯಸ್ಕಾಂತದ, ಇಪ್ಪತ್ತು ಕಿಲೋಗಿಂತ ಹಗುರವಾದ ಎರಡು ಸ್ಪೀಕರಿನ ಕ್ಯಾಬಿನೆಟ್ಟೇ ಒಳ್ಳೆಯದು. ನೆಲಮಹಡಿಯಲ್ಲಿ ಸ್ಥಿರವಾದ ರಿಹರ್ಸಲ್ ಕೋಣೆ ಇರುವ ತಂಡಕ್ಕೆ, ಸ್ಟುಡಿಯೋ ನಡೆಸುವವರಿಗೆ ಇದು ಹೇಳಿ ಮಾಡಿಸಿದಂತಿದೆ. ನನ್ನದರ ಕಪ್ಪು ಟೋಲೆಕ್ಸ್ ಹೊದಿಕೆ ಮೂಲೆಗಳಲ್ಲಿ ಹರಿದಿತ್ತು. ಜೆಸಿ ರಸ್ತೆಯಲ್ಲಿ ಕಾರಿನ ಸೀಟಿಗೆ ಹಾಕುವ ರೆಕ್ಸಿನ್ ತಂದು ತೇಪೆ ಹಾಕಿದ್ದೇವೆ, ಹತ್ತಿರದಿಂದ ನೋಡಿದರೆ ಬಣ್ಣದ ವ್ಯತ್ಯಾಸ ಕಾಣುತ್ತದೆ, ಕೇಳುವುದಕ್ಕೆ ಅದರಿಂದ ಏನೂ ಆಗುವುದಿಲ್ಲ.

ಬೆಲೆಯ ಚೌಕಾಸಿಗೆ ಕುಳಿತಾಗ ಹರಿದ ಟೋಲೆಕ್ಸ್, ಕಿತ್ತ ಚಕ್ರ, ಸವೆದ ಜ್ಯಾಕ್ ಇವುಗಳಿಗಾಗಿ ಒಂದಿಷ್ಟು ಇಳಿಸಿಕೊಂಡು ಕೊಂಡುಬಿಡಬಹುದು. ಸ್ಪೀಕರಿನ ವಿಷಯದಲ್ಲಿ ಹಾಗೆ ಉದಾರವಾಗಿರಲು ಬರುವುದಿಲ್ಲ, ಏಕೆಂದರೆ 32 ಓಮ್‌ನ ಹತ್ತು ಇಂಚಿನ ಬೇಸ್ ಸ್ಪೀಕರು ನಮ್ಮ ಅಂಗಡಿಗಳಲ್ಲಿ ಸುಲಭಕ್ಕೆ ಸಿಗುವಂಥದ್ದಲ್ಲ. ಸಿಗದಿದ್ದಾಗ ಕೆಲವರು ಕೈಗೆ ಸಿಕ್ಕ 8 ಓಮ್‌ನದನ್ನು ಹಾಕಿಬಿಡುತ್ತಾರೆ. ಆಗ ಒಟ್ಟು ಇಂಪೆಡೆನ್ಸ್ 4ರಿಂದ 2.9 ಓಮಿಗೆ ಇಳಿದು ಆಂಪ್ಲಿಫೈಯರು ಅಪಾಯಕ್ಕೆ ಸಿಕ್ಕುತ್ತದೆ. ಅಷ್ಟೇ ಅಲ್ಲ, ಆ ಒಂದೇ ಸ್ಪೀಕರು ಉಳಿದ ಪ್ರತಿಯೊಂದಕ್ಕಿಂತ ನಾಲ್ಕು ಪಟ್ಟು ಶಕ್ತಿಯನ್ನು, ಅಂದರೆ ಒಟ್ಟು ಶಕ್ತಿಯ ಮೂರನೆಯ ಒಂದು ಪಾಲಿಗಿಂತ ಹೆಚ್ಚನ್ನು ತಾನೇ ಎಳೆದುಕೊಂಡು ಬೇಗ ಸುಟ್ಟುಹೋಗುತ್ತದೆ. ಅಂಥ ಪೆಟ್ಟಿಗೆ ಎಷ್ಟೇ ಅಗ್ಗಕ್ಕೆ ಬಂದರೂ, ತೆಗೆದಿಟ್ಟ ಮೂಲ ಸ್ಪೀಕರನ್ನು ಮಾರುವವರು ಜೊತೆಗೆ ಕೊಡುವುದಾದರೆ ಮಾತ್ರ ನಾನು ಕೊಳ್ಳುತ್ತೇನೆ: ಚೌಕಟ್ಟೂ ಅಯಸ್ಕಾಂತವೂ ಚೆನ್ನಾಗಿದ್ದರೆ ರೀಕೋನ್ ಮಾಡುವವರಿಗೆ (ಕೋನನ್ನೂ ಕಾಯಿಲನ್ನೂ ಹೊಸದಾಗಿ ಹಾಕಿಕೊಡುವವರಿಗೆ) 32 ಓಮ್‌ನ ಕಾಯಿಲೇ ಬೇಕೆಂದು ಬರೆದುಕೊಟ್ಟು, ಮರಳಿ ಬಂದ ಮೇಲೆ ಮೀಟರಿನಲ್ಲಿ ಅಳೆದು ಹಣ ಕೊಟ್ಟರಾಯಿತು.